ಬೆಳಕಿನ ಕನ್ಸೋಲ್: ದುಬಾರಿಯಾದದ್ದೇ ಬೇಕೇ?

ಪ್ರಶ್ನೆ: ನಮ್ಮ ಹವ್ಯಾಸಿ ನಾಟಕ ತಂಡದ ಬಳಿ 24 ಡಿಮ್ಮರ್ (ಬೆಳಕು ಏರಿಳಿಸುವ ಸಾಧನ) ಚಾನೆಲ್‌ಗಳೂ 8 ಎಲ್‌ಇಡಿ ಪಾರ್ ದೀಪಗಳೂ ಇವೆ. ದೀಪಗಳಿಗೆ ಡಿಎಂಎಕ್ಸ್ ಎಂಬ ಡಿಜಿಟಲ್ ಸಂಕೇತ ಕಳುಹಿಸುವ ಅಗ್ಗದ ಕಂಟ್ರೋಲರ್ ಸಾಕೇ, ಹಲವು ಪಟ್ಟು ಬೆಲೆಯ ವೃತ್ತಿಪರ ಕನ್ಸೋಲ್ (ಬೆಳಕಿನ ನಿಯಂತ್ರಣ ಫಲಕ) ಕೊಳ್ಳಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಕಳುಹಿಸುವುದು ಒಂದೇ ಡಿಎಂಎಕ್ಸ್ 512 ಸಂಕೇತವನ್ನು: ಒಂದು ಕೇಬಲ್‌ನಲ್ಲಿ ಗರಿಷ್ಠ 512 ಚಾನೆಲ್, ಪ್ರತಿ ಚಾನೆಲ್‌ಗೆ 256 ಹಂತ. ಆದ್ದರಿಂದ ಕನ್ಸೋಲ್ ದುಬಾರಿಯಾದ ಮಾತ್ರಕ್ಕೆ ಬೆಳಕು ಉತ್ತಮವಾಗುವುದಿಲ್ಲ. ಹ್ಯಾಲೊಜೆನ್ ದೀಪದ ತಂತಿ ನಿಧಾನವಾಗಿ ತಣಿಯುವುದರಿಂದ ಹಂತಗಳು ಕಾಣುವುದಿಲ್ಲ. ಅಗ್ಗದ ಎಲ್‌ಇಡಿಯಾದರೋ ಆರುವ ಕೊನೆಯ ಕ್ಷಣದಲ್ಲಿ ಮೆಟ್ಟಿಲಿಳಿದಂತೆ ಜಿಗಿಯುತ್ತದೆ. ಆ ದೋಷ ಬಹುಮಟ್ಟಿಗೆ ದೀಪದ್ದು, ಕನ್ಸೋಲ್‌ನದಲ್ಲ.

ಹೆಚ್ಚಿನ ಬೆಲೆ ಸಾರ್ಥಕವಾಗುವುದು ಕ್ಯೂಗಳ, ಅಂದರೆ ಮೊದಲೇ ದಾಖಲಿಸಿಟ್ಟ ಒಂದೊಂದು ಬೆಳಕಿನ ಬದಲಾವಣೆಯ, ನಿರ್ವಹಣೆಯಲ್ಲಿ. ದೃಶ್ಯವೊಂದು 7 ಸೆಕೆಂಡುಗಳಲ್ಲಿ ಬೆಳಗುತ್ತಿರುವಾಗಲೇ ಹಿಂದಿನದು 3 ಸೆಕೆಂಡುಗಳಲ್ಲಿ ಆರಬೇಕು. ತಾಲೀಮಿನ ನಡುವೆ ನಿರ್ದೇಶಕರು 12 ಮತ್ತು 13ನೇ ಕ್ಯೂಗಳ ಮಧ್ಯೆ ಹೊಸದೊಂದನ್ನು ಕೇಳಿದರೆ, 12.5 ಎಂದು ದಾಖಲಿಸಿ ಮುಂದುವರಿಯುವಂತಿರಬೇಕು. ಕುಣಿತದ ವೇದಿಕೆಗೆಂದು ರೂಪಿಸಿದ ಸಣ್ಣ ಕಂಟ್ರೋಲರ್‌ಗಳಲ್ಲಿ ಇದು ಸಾಮಾನ್ಯವಾಗಿ ಸಾಧ್ಯವಿಲ್ಲ. ನಾಟಕಕ್ಕೆ ಇದೇ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ.

ಚಲಿಸುವ ದೀಪಗಳಿಲ್ಲದ ನಿಮಗೆ ದೊಡ್ಡ ಕನ್ಸೋಲ್ ಈಗ ಬೇಕಿಲ್ಲ. ಕ್ಯೂ ಪಟ್ಟಿಯಿರುವ, ಒಂದೇ ಯೂನಿವರ್ಸ್‌ನ (512 ಚಾನೆಲ್‌ಗಳ ಒಂದು ಗುಂಪಿನ) ಚಿಕ್ಕ ರಂಗಭೂಮಿ ಕನ್ಸೋಲ್ ಸಾಕು. ಉಳಿದ ಹಣವನ್ನು ಒಳ್ಳೆಯ ದೀಪಗಳಿಗೆ ವಿನಿಯೋಗಿಸಿ. ಕೊಳ್ಳುವ ಮುನ್ನ, ಕನ್ಸೋಲ್ ತಯಾರಿಸುವ ಕಂಪನಿಗಳಾದ ಇಟಿಸಿಯ ಇಯಾಸ್ ಅಥವಾ ಎಂಎ ಲೈಟಿಂಗ್‌ನ ಗ್ರ್ಯಾಂಡ್‌ಎಂಎ3 ತಂತ್ರಾಂಶವನ್ನು ಕಂಪ್ಯೂಟರಿಗೆ ಉಚಿತವಾಗಿ ಇಳಿಸಿಕೊಂಡು, ನಿಮ್ಮದೇ ನಾಟಕದ ಒಂದು ಅಂಕದ ಕ್ಯೂಗಳನ್ನು ಬರೆದು ನೋಡಿ. ಮಾರಾಟಗಾರರಲ್ಲಿ ಫೇಡರ್‌ನ (ಬೆಳಕು ಏರಿಳಿಸಲು ಕನ್ಸೋಲ್‌ನಲ್ಲಿ ಜಾರಿಸುವ ಗುಂಡಿಯ) ಬಿಡಿಭಾಗ ಮತ್ತು ರಿಪೇರಿ ಎಲ್ಲಿ ಸಿಗುತ್ತದೆಂದು ತಪ್ಪದೆ ಕೇಳಿ.