ಮೂರು ದೋಣಿಯ ಪಾಸ್ಟರ್

ಪ್ರಶ್ನೆ: ನಮ್ಮ ಪಾಸ್ಟರ್ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ತೀನಿ ಅಂತಿದ್ದಾರೆ. ಸಭೆಯಲ್ಲಿ ಅರ್ಧ ಜನಕ್ಕೆ ಮುನಿಸು. ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರಿದ್ದುಂಟಾ ಸಾರ್?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಮೂರು ದೋಣಿಯಲ್ಲಿ ಕಾಲಿಟ್ಟವರೇ ಒಬ್ಬರಿದ್ದರು. ಅಮೆರಿಕದ ವಿಲಿಯಂ ಗ್ರೇ. ಫಿಲಡೆಲ್ಫಿಯಾದ ಬ್ರೈಟ್ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅವರ ತಾತ ಪಾಸ್ಟರ್, ಅಪ್ಪ ಪಾಸ್ಟರ್. ಅಪ್ಪ ಅದಕ್ಕೂ ಮುಂಚೆ ಫ್ಲಾರಿಡಾದಲ್ಲಿ ಕಪ್ಪು ಜನರ ಕಾಲೇಜಿನ ಅಧ್ಯಕ್ಷರಾಗಿದ್ದವರು. 1972ರಲ್ಲಿ ಅಪ್ಪನ ಜಾಗಕ್ಕೆ ಮಗ ಬಂದರು.

ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಫಾದರ್ ಯಾರು ಅಂತ ಬಿಷಪ್ಪರು ತೀರ್ಮಾನಿಸುತ್ತಾರೆ. ಬ್ಯಾಪ್ಟಿಸ್ಟರಲ್ಲಿ ಹಾಗಲ್ಲ, ಸಭೆಯವರೇ ಸೇರಿ ಪಾಸ್ಟರನ್ನು ಆರಿಸುತ್ತಾರೆ. ಅಂದ್ರೆ ಜನರ ಒಪ್ಪಿಗೆ ಗಳಿಸೋದು ಅವರಿಗೆ ಹೊಸದಲ್ಲ, ಅಲ್ವಾ?

1976ರಲ್ಲಿ ಗ್ರೇ ಅಮೆರಿಕ ಸಂಸತ್ತಿನ ಕೆಳಮನೆಗೆ ಹೋಗಲು ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗೆ ಸ್ಪರ್ಧಿಸಿದರು. ಎದುರಾಳಿ ಅದೇ ಪಕ್ಷದ ಹಾಲಿ ಸದಸ್ಯ ರಾಬರ್ಟ್ ನಿಕ್ಸ್. ಓದುವಾಗ ಗ್ರೇ ಕೆಲಸ ಕಲಿತದ್ದು ಇದೇ ನಿಕ್ಸ್ ಕಚೇರಿಯಲ್ಲಿ! ಕೆಲವೇ ನೂರು ಓಟಿಗೆ ಸೋತರು. 1978ರಲ್ಲಿ ಮತ್ತೆ ನಿಂತು ಗೆದ್ದರು. (ನಾನೂ ಒಂದು ಸಹಕಾರ ಸಂಘದ ಚುನಾವಣೆಯಲ್ಲಿ ಒಂಬತ್ತು ಓಟಿಗೆ ಸೋತವನು. ಮಾರನೇ ದಿನವೇ ಏಣಿ ಹೊತ್ತು ಮೆಣಸು ಕುಯ್ಯೋಕೆ ಹೋದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.)

1985ರಲ್ಲಿ ಕೆಳಮನೆಯ ಬಜೆಟ್ ಸಮಿತಿಗೆ ಗ್ರೇ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ವ್ಯಕ್ತಿ. ವರ್ಣಭೇದದ ದಕ್ಷಿಣ ಆಫ್ರಿಕಾದ ಮೇಲೆ ನಿರ್ಬಂಧ ಹೇರುವ ಕಾನೂನಿಗಾಗಿ ಪಟ್ಟು ಹಿಡಿದವರಲ್ಲಿ ಅವರು ಮುಂದಿದ್ದರು. 1986ರಲ್ಲಿ ಅಧ್ಯಕ್ಷ ರೇಗನ್ ಅದನ್ನು ತಡೆದರು. ಸಂಸತ್ತು ರೇಗನ್ ಮಾತನ್ನೂ ಮೀರಿ ಕಾನೂನು ಮಾಡಿತು. 1989ಕ್ಕೆ ಕೆಳಮನೆಯಲ್ಲಿ ಪಕ್ಷದ ಮೂರನೇ ಸ್ಥಾನ. 1991ರಲ್ಲಿ ಎಲ್ಲ ಬಿಟ್ಟು ಎದ್ದು ಹೋದರು! ಎಲ್ಲಿಗೆ? ಸುಮಾರು ನಲವತ್ತು ಕಪ್ಪು ಕಾಲೇಜುಗಳಿಗೆ ಹಣ ಕೂಡಿಸುವ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್‌ಗೆ. 2004ರವರೆಗೂ ಅಲ್ಲೇ ಮುಖ್ಯಸ್ಥರು. 1999ರಲ್ಲಿ ಬಿಲ್ ಗೇಟ್ಸ್ ದಂಪತಿ ಕೊಟ್ಟ 100 ಕೋಟಿ ಡಾಲರಿನ ವಿದ್ಯಾರ್ಥಿವೇತನ ನಡೆಸುವ ಹೊಣೆಯೂ ಇವರ ಸಂಸ್ಥೆಗೇ ಬಂತು.

ಸಂಸತ್ತಿನಲ್ಲಿದ್ದಾಗಲೂ ಬ್ರೈಟ್ ಹೋಪ್‌ನಲ್ಲಿ ಪ್ರಸಂಗ ಮಾಡೋದನ್ನು ಬಿಡಲಿಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ನಿಮ್ಮ ಪಾಸ್ಟರ್ ನಿಲ್ಲಲಿ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೂ ಬೇಕಿಲ್ಲ. ಆದರೆ ಪ್ರಸಂಗದ ನಡುವೆ ಓಟು ಕೇಳಬಾರದು, ಧರ್ಮದ ಹೆಸರಲ್ಲಿ ಓಟು ಕೇಳೋದು ನಮ್ಮಲ್ಲಿ ಅಕ್ರಮ. ಮುನಿಸಿಕೊಂಡವರು ಸುಮ್ನೆ ಗೊಣಗೋದು ಬಿಟ್ಟು ಒಂದು ಮಾತು ಕೇಳಲಿ: ಗೆದ್ದ ಮೇಲೆ ಭಾನುವಾರದ ಆರಾಧನೆ ಯಾರು ನಡೆಸ್ತಾರೆ?