ಗ್ಯಾಸ್ ಆಫ್ ಮಾಡಿದ್ನಾ, ಬೀಗ ಹಾಕಿದ್ನಾ?

ಪ್ರಶ್ನೆ: ನನಗೆ 38 ವರ್ಷ. ತುಮಕೂರಿನಲ್ಲಿ ಕೆಲಸ. ಬೆಳಿಗ್ಗೆ ಇಬ್ಬರು ಮಕ್ಕಳ ಡಬ್ಬಿ ಕಟ್ಟಿ, ಅವರನ್ನು ಸ್ಕೂಲ್ ವ್ಯಾನ್ ಹತ್ತಿಸಿ, ನಾನು ಎಂಟೂಕಾಲಿನ ಬಸ್ ಹಿಡಿಯಬೇಕು. ಬಸ್‌ಸ್ಟಾಪ್ ತಲುಪುವಷ್ಟರಲ್ಲಿ ಗ್ಯಾಸ್ ಆಫ್ ಮಾಡಿದ್ನಾ, ಬೀಗ ಹಾಕಿದ್ನಾ ಅಂತ ಶುರುವಾಗುತ್ತದೆ. ಎಷ್ಟೋ ಸಲ ವಾಪಸ್ ಓಡಿದ್ದೇನೆ. ಎಲ್ಲ ಸರಿಯಾಗೇ ಇರುತ್ತದೆ. ಈಗ ಹೊರಡುವ ಮುಂಚೆ ನಾಲ್ಕೈದು ಸಲ ನೋಡುತ್ತೇನೆ, ಆದರೂ ಅನುಮಾನ ಹೋಗುವುದಿಲ್ಲ. ಇದು ಮರೆವಿನ ಕಾಯಿಲೆಯಾ? ಯಜಮಾನರು ಧ್ಯಾನ ಮಾಡು ಅನ್ನುತ್ತಾರೆ. ಅದಕ್ಕೆ ಟೈಮ್ ಎಲ್ಲಿದೆ?

ಆಪ್ತಸಮಾಲೋಚಕರ ಉತ್ತರ: ವಾಪಸ್ ಹೋದಾಗಲೆಲ್ಲ ಎಲ್ಲ ಸರಿಯಾಗೇ ಇತ್ತು ಅಂತ ನೀವೇ ಬರೆದಿದ್ದೀರಿ. ಅಂದರೆ ಕೆಲಸ ತಪ್ಪಿಲ್ಲ. ಕೈ ತನ್ನ ಪಾಡಿಗೆ ನಾಬ್ ತಿರುಗಿಸಿದೆ, ಆ ಹೊತ್ತಿಗೆ ತಲೆ ಮಗುವಿನ ಸಾಕ್ಸ್ ಹುಡುಕುತ್ತಿತ್ತು. ಗಮನ ಇಲ್ಲದೆ ಮಾಡಿದ್ದು ನೆನಪಿನಲ್ಲಿ ಸರಿಯಾಗಿ ಕೂರುವುದಿಲ್ಲ. ದಿನಾ ಮಾಡುವ ಕೆಲಸ ಬೇರೆ, ಇವತ್ತಿನದೂ ನಿನ್ನೆಯದೂ ಕಲಸಿಹೋಗುತ್ತದೆ. ಇಷ್ಟಕ್ಕೇ ಮರೆವಿನ ಕಾಯಿಲೆ ಅಂದುಕೊಳ್ಳಬೇಡಿ.

ಮೊದಲು ಆ ನಾಲ್ಕೈದು ಸಲ ನೋಡುವುದನ್ನು ಬಿಡಿ. ನೆದರ್‌ಲೆಂಡ್ಸ್‌ನ ಮನಃಶಾಸ್ತ್ರಜ್ಞರಾದ ವ್ಯಾನ್ ಡೆನ್ ಹೌಟ್ ಮತ್ತು ಕಿಂಡ್ಟ್ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್ ಪರದೆ ಮೇಲಿನ ಗ್ಯಾಸ್ ಒಲೆಯನ್ನು ಕೆಲವರಿಗೆ ಮತ್ತೆ ಮತ್ತೆ ಪರೀಕ್ಷಿಸಲು ಹೇಳಿದರು. ಕೊನೆಯ ಸಲ ಏನು ಮಾಡಿದಿರಿ ಅಂತ ಕೇಳಿದರೆ ಉತ್ತರವೇನೋ ಸರಿಯಾಗೇ ಬಂತು. ಆದರೆ ಆ ನೆನಪು ಮಸುಕಾಗಿತ್ತು, ಅದರ ಮೇಲಿನ ನಂಬಿಕೆಯೂ ಕಮ್ಮಿಯಾಗಿತ್ತು. ನೋಡಿದಷ್ಟೂ ಅನುಮಾನ ಜಾಸ್ತಿ. ನಿಮಗೆ ಆಗುತ್ತಿರುವುದೂ ಅದೇ ಅಲ್ವಾ?

ಹಾಗಾಗಿ ಒಂದೇ ಸಲ ನೋಡಿ, ಗಮನವಿಟ್ಟು ನೋಡಿ. ಜಪಾನಿನ ರೈಲು ಚಾಲಕರು ಸಿಗ್ನಲ್ ಕಡೆ ಬೆರಳು ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ನಮ್ಮ ರೈಲುಗಳಲ್ಲೂ ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಸಿಗ್ನಲ್ ಏನಿದೆ ಅಂತ ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳುತ್ತಾರೆ. ಕಣ್ಣು, ಕೈ, ಬಾಯಿ, ಕಿವಿ ಎಲ್ಲವೂ ಒಂದೇ ಕೆಲಸದಲ್ಲಿದ್ದರೆ ಮನಸ್ಸು ಬೇರೆ ಕಡೆ ಹೋಗುವುದು ಕಷ್ಟ.

ನೀವೂ ಅಡುಗೆ ಮುಗಿದ ಮೇಲೆ ಒಲೆಯ ನಾಬ್ ತಿರುಗಿಸಿ, ಬಗ್ಗಿ ಸಿಲಿಂಡರ್‌ನ ರೆಗ್ಯುಲೇಟರ್ ಕೂಡ ಆಫ್ ಮಾಡಿ. ಅದನ್ನು ಮುಟ್ಟಿಕೊಂಡೇ ಗಟ್ಟಿಯಾಗಿ ಹೇಳಿ: "ಸೋಮವಾರ, ಹಳದಿ ಚೂಡಿದಾರ್, ಗ್ಯಾಸ್ ಬಂದ್." ಆ ಹಳದಿ ಚೂಡಿದಾರ್ ಸುಮ್ನೆ ಸೇರಿಸಿದ್ದಲ್ಲ. ಇವತ್ತಿನದೇ ಆದ ಒಂದು ಗುರುತು ಇದ್ದರೆ ನಿನ್ನೆಯ ನೆನಪಿನ ಜೊತೆ ಕಲಸಿಹೋಗುವುದಿಲ್ಲ. ಬೀಗಕ್ಕೂ ಅಷ್ಟೇ, ಒಂದು ಸಲ ಜಗ್ಗಿ, ಹೇಳಿ, ಹೊರಡಿ. ಮಕ್ಕಳು ನಗಬಹುದು. ನಗಲಿ ಬಿಡಿ.

ಬೆಳಗಿನ ಗಡಿಬಿಡಿಗೆ ಮದ್ದು ಹಿಂದಿನ ರಾತ್ರಿಯಲ್ಲಿದೆ. ಬೇಗ ಎದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ, ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ನಿದ್ದೆ ಕೆಟ್ಟರೆ ಗಮನವೂ ಕೆಡುತ್ತದೆ. ರಾತ್ರಿಯೇ ಎಲ್ಲ ಕೆಲಸ ಮುಗಿಸಬೇಕಿಲ್ಲ, ತೀರ್ಮಾನಗಳನ್ನು ಮುಗಿಸಿದರೆ ಸಾಕು. ನಾಳೆ ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ, ಯಾವ ಯೂನಿಫಾರಂ, ಯಾವ ನೋಟ್ಸ್‌ಗೆ ಸಹಿ ಬೇಕು. ಬೀಗದ ಕೈ, ಬಸ್ ಪಾಸ್ ಬಾಗಿಲ ಪಕ್ಕದ ಮೊಳೆಗೆ. ಅದೂ "ಬೇಗ ರೆಡಿ ಮಾಡಿಡಬೇಕು" ಅಂತ ಅಂದುಕೊಂಡರೆ ಆಗುವುದಿಲ್ಲ. "ರಾತ್ರಿ ಪಾತ್ರೆ ತೊಳೆದ ತಕ್ಷಣ ಬ್ಯಾಗ್ ನೋಡುತ್ತೇನೆ" ಅಂತ ಒಂದು ಕೆಲಸದ ಬಾಲಕ್ಕೆ ಇನ್ನೊಂದನ್ನು ಕಟ್ಟಿ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಯಾವಾಗ, ಎಲ್ಲಿ ಅಂತ ಮೊದಲೇ ನಿಗದಿ ಮಾಡಿಕೊಂಡವರು ಅಂದುಕೊಂಡದ್ದನ್ನು ಮಾಡಿ ಮುಗಿಸುವುದು ಜಾಸ್ತಿ.

ಧ್ಯಾನ ಒಳ್ಳೆಯದೇ, ಬಿಡುವಾದಾಗ ಮಾಡಿ. ಸದ್ಯಕ್ಕೆ ಧ್ಯಾನ ಮಾಡು ಅಂದವರಿಗೆ ಒಂದು ಡಬ್ಬಿ ಕಟ್ಟುವ ಕೆಲಸ ವಹಿಸಿ. ಒಬ್ಬರೇ ಹತ್ತು ಕೆಲಸ ಹೊತ್ತುಕೊಂಡಾಗ ಗಮನ ಚೆದುರದೆ ಇನ್ನೇನಾಗುತ್ತದೆ?

ಒಂದೇ ಸಲ ನೋಡಿ ಹೊರಟ ದಿನ ಮೊದಮೊದಲು ಎದೆ ಡವಡವ ಅನ್ನುತ್ತದೆ. ಬಸ್ ಹತ್ತಿಬಿಡಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಕೆಲವು ವಾರ ಹೀಗೆ ಮಾಡಿದರೂ ಅನುಮಾನ ಬಿಡದಿದ್ದರೆ, ಪರೀಕ್ಷಿಸುವುದಕ್ಕೇ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೋಗುತ್ತಿದ್ದರೆ, ಅದು ಗೀಳು ಕಾಯಿಲೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮನೋವೈದ್ಯರನ್ನು ಕಾಣಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.