ನೀವು ಉಳಿದದ್ದಕ್ಕೆ ಸ್ತೋತ್ರ ಹೇಳಿ, ಗೆಳೆಯನಿಗಾಗಿ ಅಳಿ

ಕಾರು ಪಲ್ಟಿಯಾಗಿ ನೀವು ಉಳಿದಿರಿ, ಪಕ್ಕದಲ್ಲಿದ್ದ ಗೆಳೆಯ ತೀರಿಕೊಂಡ. 'ದೇವರು ನನ್ನನ್ನು ಕಾಪಾಡಿದರು' ಅಂತ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳಬಹುದಾ, ಹಾಗಾದರೆ ಅವನನ್ನು ಯಾಕೆ ಕಾಪಾಡಲಿಲ್ಲ ಅಂತ ಕೇಳಿದ್ದೀರಿ.

ಧಾರಾಳವಾಗಿ ಹೇಳಿ. ಜೀವ ಉಳಿದದ್ದಕ್ಕೆ ಸ್ತೋತ್ರ ಮಾಡುವುದು ಗೆಳೆಯನಿಗೆ ಬಗೆಯುವ ದ್ರೋಹ ಅಲ್ಲ. ಆದರೆ 'ನನ್ನ ನಂಬಿಕೆ ಗಟ್ಟಿಯಿತ್ತು, ಅದಕ್ಕೇ ಉಳಿದೆ' ಅನ್ನುವ ಮಾತು ಮಾತ್ರ ಬೇಡ. ಬೇರೆಯವರು ಹಾಗೆ ಹೇಳಿದರೂ ಒಪ್ಪಬೇಡಿ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 12ನೇ ಅಧ್ಯಾಯ ತೆಗೆದು ನೋಡಿ. ರಾಜ ಹೆರೋದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ದೇವದೂತ ಬಂದು ಪೇತ್ರನನ್ನು ಸೆರೆಮನೆಯಿಂದ ಬಿಡಿಸುತ್ತಾನೆ. ಇಬ್ಬರೂ ಯೇಸುವಿನ ಆಪ್ತ ಶಿಷ್ಯರು, ಅಲ್ವಾ? ಯಾಕೋಬನ ನಂಬಿಕೆ ಕಡಿಮೆ ಇತ್ತು ಅಂತ ಅಲ್ಲಿ ಒಂದು ಮಾತೂ ಇಲ್ಲ. ಯಾಕೆ ಹೀಗಾಯಿತು ಅನ್ನುವ ವಿವರಣೆಯೂ ಇಲ್ಲ. ಆ ಮೌನ ನನಗೆ ಎಷ್ಟೋ ಸಲ ಆಸರೆಯಾಗಿದೆ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ, ಸಿಲೊವದ ಬುರುಜು ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ಜಾಸ್ತಿ ಪಾಪಿಗಳೇನಲ್ಲ ಅಂತ ಯೇಸುವೇ ಹೇಳುತ್ತಾರೆ.

ದೇವರು ಕಾಯುತ್ತಾರೆ ಅನ್ನುವ ಕೀರ್ತನೆ 91 ಅನ್ನು ಎಲ್ಲರೂ ನಿಮಗೆ ಕಳಿಸುತ್ತಿರಬಹುದು. ಪ್ರೀತಿಯಿಂದಲೇ ಓದಿಕೊಳ್ಳಿ. ಆದರೆ ಯೇಸುವಿಗೆ ದೇವಾಲಯದ ಮೇಲಿಂದ ಧುಮುಕು ಅಂದಾಗ ಸೈತಾನ ಎತ್ತಿದ್ದೂ ಅದೇ ಕೀರ್ತನೆಯ ಮಾತನ್ನು. ಅದು ಭರವಸೆಯ ಹಾಡು, ಅಪಘಾತ ಆಗುವುದೇ ಇಲ್ಲ ಅನ್ನುವ ಗ್ಯಾರಂಟಿ ಅಲ್ಲ.

ಗೆಳೆಯನ ಮನೆಗೆ ಹೋದಾಗ ಸಾಕ್ಷಿ ಹೇಳಬೇಡಿ. ಸುಮ್ನೆ ಅವರ ಜೊತೆ ಕುಳಿತು ಅಳಿ. ಸತ್ತಿದ್ದ ಗೆಳೆಯ ಲಾಜರನನ್ನು ಎಬ್ಬಿಸುವ ಮೊದಲು ಯೇಸುವೂ ಅತ್ತರು. ರಾತ್ರಿ ಅಪಘಾತದ ಆ ಶಬ್ದ ಮತ್ತೆ ಮತ್ತೆ ಕೇಳಿಸಿ ನಿದ್ದೆ ಬರದಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ಅದು ನಂಬಿಕೆಯ ಕೊರತೆ ಖಂಡಿತ ಅಲ್ಲ.